ಪಟ್ಟಿಯಲ್ಲಿದೆ, ಕೊಳ್ಳೋಣವೇ?

2018ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಒಂದು ವಿಚಿತ್ರ ಗಣತಿ ಮಾಡಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೂ ಎಷ್ಟು ಫ್ಯಾಕ್ಸ್ ಯಂತ್ರಗಳು ಉಳಿದಿವೆ ಎಂಬುದು ಅದರ ವಿಷಯ. ಸಿಕ್ಕ ಲೆಕ್ಕ ಒಂಬತ್ತು ಸಾವಿರದ ಹತ್ತಿರ. ಒಂದು ಕಡೆ ರೋಬಾಟ್ ತೋಳುಗಳಿಂದ ಶಸ್ತ್ರಚಿಕಿತ್ಸೆ, ಇನ್ನೊಂದು ಕಡೆ ರೋಗಿಯ ವರದಿ ಪಕ್ಕದೂರಿನ ಡಾಕ್ಟರಿಗೆ ಹೋಗುವುದು ಫ್ಯಾಕ್ಸಿನಲ್ಲಿ. ಆ ಡಿಸೆಂಬರಿನಲ್ಲಿ ಆರೋಗ್ಯ ಸಚಿವ ಮ್ಯಾಟ್ ಹ್ಯಾಂಕಾಕ್ ಹೊಸ ಫ್ಯಾಕ್ಸ್ ಯಂತ್ರ ಕೊಳ್ಳುವುದನ್ನೇ ನಿಷೇಧಿಸಿದರು. ಇರುವವು ಕೂಡ 2020ರ ಮಾರ್ಚ್ ಕೊನೆಗೆ ತೊಲಗಬೇಕೆಂದು ಗಡುವಿಟ್ಟರು. ಎರಡು ತಿಂಗಳ ಬಳಿಕ ಪೇಜರುಗಳ ಸರದಿ. ನಮ್ಮಲ್ಲಿ ಮೊಬೈಲ್ ಬಂದ ಹೊಸದರಲ್ಲೇ ಮಾಯವಾದ ಪೇಜರುಗಳು ಅಲ್ಲಿನ ವೈದ್ಯರು, ನರ್ಸುಗಳ ಬಳಿ ಇನ್ನೂ ಸುಮಾರು 1,30,000 ಇದ್ದವು. ಜಗತ್ತಿನಲ್ಲಿ ಬಳಕೆಯಲ್ಲಿರುವ ಪೇಜರುಗಳಲ್ಲಿ ಹತ್ತರಲ್ಲೊಂದು ತಮ್ಮಲ್ಲೇ ಇದೆಯೆಂದು ಸರ್ಕಾರವೇ ಹೇಳಿಕೊಂಡಿತು.

ದುಡ್ಡಿಲ್ಲದೆ ಹೀಗಾಯಿತೆಂದುಕೊಂಡರೆ ತಪ್ಪು. ಆ ಗಣತಿಗೆ ಹದಿನೈದು ವರ್ಷ ಮೊದಲೇ ಬ್ರಿಟನ್ ಆಸ್ಪತ್ರೆಗಳ ಗಣಕೀಕರಣಕ್ಕೆಂದು ನೂರಾರು ಕೋಟಿ ಪೌಂಡುಗಳ ಕರಾರುಗಳಿಗೆ ಸಹಿ ಹಾಕಿತ್ತು. ಹಣ ಇತ್ತು, ಕಂಪನಿಗಳು ಇದ್ದವು, ತಂತ್ರಜ್ಞಾನವೂ ಇತ್ತು. ಆಸ್ಪತ್ರೆಗೆ ಬೇಕಾದ ಸಾಫ್ಟ್‌ವೇರನ್ನು ಸರ್ಕಾರಿ ಹಣದಲ್ಲಿ ಹೇಗೆ ಕೊಳ್ಳಬೇಕು ಎಂಬ ಒಂದು ವಿದ್ಯೆ ಮಾತ್ರ ಕೈಗೆ ಹತ್ತಿರಲಿಲ್ಲ. ಟೆಂಡರು, ಕರಾರು, ಖರೀದಿ ಎಂದೊಡನೆ ಪತ್ರಿಕೆಯ ಹಾಳೆ ತಿರುವುವವರೇ ಹೆಚ್ಚು. ಆದರೆ ವಾರ್ಡಿನಲ್ಲಿ ಮಲಗಿದವರಿಗೆ ಯಾವ ಮಾತ್ರೆ, ಎಷ್ಟು ಹೊತ್ತಿಗೆ ಎಂದು ನರ್ಸಿಗೆ ತೋರಿಸುವ ಪರದೆ ಯಾವುದೆಂದು ಗೊತ್ತಾಗುವುದು ಆ ಕಡತಗಳಲ್ಲೇ.

ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆ, ಎಲ್ಲರ ಬಾಯಲ್ಲಿ ಎನ್‌ಎಚ್‌ಎಸ್, ಶುರುವಾದದ್ದು 1948ರ ಜುಲೈ 5ರಂದು. ಹೊರಗಿನಿಂದ ಅದು ಒಂದೇ ಸಂಸ್ಥೆಯಂತೆ ಕಾಣುತ್ತದೆ. ಒಳಗೆ ಹೊಕ್ಕರೆ ಇಂಗ್ಲೆಂಡೊಂದರಲ್ಲೇ ಇನ್ನೂರಕ್ಕೂ ಹೆಚ್ಚು ಟ್ರಸ್ಟುಗಳು. ಪ್ರತಿ ಟ್ರಸ್ಟಿಗೂ ತನ್ನದೇ ಆಡಳಿತ ಮಂಡಳಿ, ತನ್ನದೇ ಲೆಕ್ಕಪತ್ರ, ತನ್ನದೇ ಖರೀದಿ ವಿಭಾಗ. ಮೇಲಾಗಿ ಸಾವಿರಾರು ಕುಟುಂಬ ವೈದ್ಯರ ಚಿಕಿತ್ಸಾಲಯಗಳು. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡುಗಳದು ಬೇರೆಯೇ ವ್ಯವಸ್ಥೆ. ಹೀಗೆ ಹರಡಿಕೊಂಡಿರುವ ಸೇವೆಗೆ ಕಂಪ್ಯೂಟರ್ ಕೊಳ್ಳುವವರು ಯಾರು? ಕೇಂದ್ರವೇ, ಆಯಾ ಆಸ್ಪತ್ರೆಯೇ?

ಟೋನಿ ಬ್ಲೇರ್ ಸರ್ಕಾರ 2002ರಲ್ಲಿ ಕೊಟ್ಟ ಉತ್ತರ: ಕೇಂದ್ರ. ‘ನ್ಯಾಷನಲ್ ಪ್ರೋಗ್ರಾಂ ಫಾರ್ ಐಟಿ’ ಎಂಬ ಹೆಸರಿನಲ್ಲಿ ಇಂಗ್ಲೆಂಡನ್ನು ಐದು ವಲಯಗಳಾಗಿ ಹಂಚಿ, ಒಂದೊಂದು ವಲಯವನ್ನೂ ಒಂದು ದೊಡ್ಡ ಕಂಪನಿಗೆ ವಹಿಸಲಾಯಿತು. ಲಂಡನ್ ಬಿಟಿಗೆ, ದಕ್ಷಿಣ ಫುಜಿತ್ಸುವಿಗೆ, ವಾಯವ್ಯ ಮತ್ತು ಪಶ್ಚಿಮ ಮಿಡ್‌ಲ್ಯಾಂಡ್ಸ್ ಸಿಎಸ್‌ಸಿಗೆ, ಉಳಿದೆರಡು ಅಕ್ಸೆಂಚರಿಗೆ. ಹತ್ತು ವರ್ಷದ ಕರಾರುಗಳ ಆರಂಭದ ಮೊತ್ತವೇ ಸುಮಾರು 620 ಕೋಟಿ ಪೌಂಡ್. ಇದರ ಮುಖ್ಯಸ್ಥರಾಗಿ ಬಂದ ರಿಚರ್ಡ್ ಗ್ರೇಂಜರ್ ಖಾಸಗಿ ಸಲಹಾ ಸಂಸ್ಥೆಯಿಂದ ಬಂದವರು, ಗಟ್ಟಿ ಕುಳ. ಗುತ್ತಿಗೆದಾರರನ್ನು ಅವರು ಹಿಮಗಾಡಿ ಎಳೆಯುವ ನಾಯಿಗಳಿಗೆ ಹೋಲಿಸಿದ್ದುಂಟು: ಹಿಂದೆ ಬಿದ್ದದ್ದನ್ನು ಕಡಿದು ಉಳಿದವಕ್ಕೆ ಉಣಿಸಬೇಕಂತೆ! ಕೆಲಸ ಮುಗಿಸಿ ತೋರಿಸುವವರೆಗೆ ದುಡ್ಡಿಲ್ಲ ಎಂಬ ಷರತ್ತೂ ಇತ್ತು. ಕಾಗದದ ಮೇಲೆ ಇದಕ್ಕಿಂತ ಬಿಗಿಯಾದ ಕರಾರು ಇರಲಾರದು.

ಒಂದು ವರ್ಷ ತುಂಬುವುದರೊಳಗೆ ಇಷ್ಟೆಲ್ಲ ಖರೀದಿ ಮುಗಿಯಿತು. ಆ ವೇಗವೇ ಮುಳುವಾಯಿತು. ಸಾಫ್ಟ್‌ವೇರ್ ಬಳಸಬೇಕಾದ ವೈದ್ಯರನ್ನು, ನರ್ಸುಗಳನ್ನು ಕೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಮಕ್ಕಳ ಆಸ್ಪತ್ರೆಗೂ ಕ್ಯಾನ್ಸರ್ ಆಸ್ಪತ್ರೆಗೂ ಮಾನಸಿಕ ಆಸ್ಪತ್ರೆಗೂ ಒಂದೇ ಅಳತೆಯ ಅಂಗಿ ಎಂದರೆ ಯಾರು ತೊಟ್ಟಾರು? ಉತ್ತರದ ವಲಯಗಳಿಗೆ ಆರಿಸಿದ ‘ಲೊರೆಂಜೊ’ ಎಂಬ ಸಾಫ್ಟ್‌ವೇರ್ ಕರಾರಿನ ಹೊತ್ತಿಗೆ ಇನ್ನೂ ಪೂರ್ತಿ ತಯಾರಾಗಿಯೇ ಇರಲಿಲ್ಲ. ಅದನ್ನು ತಯಾರಿಸುತ್ತಿದ್ದ ಐಸಾಫ್ಟ್ ಕಂಪನಿಯ ಚೆನ್ನೈ ಕಚೇರಿಯಲ್ಲೂ ಅದರ ಕೆಲಸ ನಡೆಯುತ್ತಿತ್ತು. 2006ರಲ್ಲಿ ಅಕ್ಸೆಂಚರ್ 6.3 ಕೋಟಿ ಪೌಂಡ್ ಮರಳಿಸಿ ಕೈತೊಳೆದುಕೊಂಡಿತು; ಅದರ ವಲಯಗಳು ಸಿಎಸ್‌ಸಿ ಪಾಲಾದವು. 2008ರಲ್ಲಿ ಫುಜಿತ್ಸು ಜೊತೆಗಿನ ಕರಾರು ಮುರಿದುಬಿತ್ತು, ವ್ಯಾಜ್ಯ ವರ್ಷಗಟ್ಟಲೆ ಎಳೆಯಿತು. 2011ರ ಸೆಪ್ಟೆಂಬರಿನಲ್ಲಿ ಸರ್ಕಾರ ಇಡೀ ಕಾರ್ಯಕ್ರಮವನ್ನೇ ಕಳಚಿಹಾಕುವುದಾಗಿ ಘೋಷಿಸಿತು. ಎರಡು ವರ್ಷದ ನಂತರ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಲೆಕ್ಕ ಹಾಕಿದಾಗ ಬಿಲ್ಲು 980 ಕೋಟಿ ಪೌಂಡಿನವರೆಗೂ ಏರಿತ್ತು. ಸರ್ಕಾರಿ ಗುತ್ತಿಗೆಗಳ ಇತಿಹಾಸದಲ್ಲೇ ಅತಿ ಕೆಟ್ಟ ಸೋಲುಗಳಲ್ಲಿ ಇದೊಂದು ಎಂದು ಸಮಿತಿ ಮುಲಾಜಿಲ್ಲದೆ ಬರೆಯಿತು.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲವೂ ಹಾಳಾಗಲಿಲ್ಲ. ಎಕ್ಸ್‌ರೇ ಫಿಲ್ಮಿನ ಜಾಗದಲ್ಲಿ ಡಿಜಿಟಲ್ ಚಿತ್ರ ಬಂದದ್ದು ಆ ಕಾರ್ಯಕ್ರಮದಿಂದಲೇ. ದೇಶದ ಆಸ್ಪತ್ರೆಗಳನ್ನೆಲ್ಲ ಬೆಸೆಯುವ ‘ಸ್ಪೈನ್’ ಎಂಬ ಮಾಹಿತಿ ಜಾಲವೂ ಅದರದೇ ಕೂಸು. ಬಿಟಿ ಅದನ್ನು ಕಟ್ಟುವಾಗ ಮುಂಬೈಯ ಮಾಸ್ಟೆಕ್ ಕೈಜೋಡಿಸಿತ್ತು. 2014ರಲ್ಲಿ ಎನ್‌ಎಚ್‌ಎಸ್ ತನ್ನದೇ ಎಂಜಿನಿಯರುಗಳ ತಂಡದೊಂದಿಗೆ, ಮುಕ್ತ ತಂತ್ರಾಂಶ ಬಳಸಿ ಸ್ಪೈನನ್ನು ಹೊಸದಾಗಿ ಕಟ್ಟಿಕೊಂಡಿತು. ಇಷ್ಟು ದೊಡ್ಡ ಸೋಲಿನ ನಡುವೆ ಈ ಒಂದು ಕೆಲಸ ಸದ್ದಿಲ್ಲದೆ ಗೆದ್ದದ್ದು ಗಮನಿಸಬೇಕಾದ ಸಂಗತಿ. ಅಲ್ಲಿ ಕೊಳ್ಳುವವರಿಗೆ ತಮಗೇನು ಬೇಕೆಂಬುದು ಸ್ಪಷ್ಟವಾಗಿ ಗೊತ್ತಿತ್ತು.

ಏಟು ತಿಂದ ಸರ್ಕಾರ ಅಧಿಕಾರವನ್ನು ಆಸ್ಪತ್ರೆಗಳ ಕಡೆಗೆ ತಿರುಗಿಸಿತು. ಆದರೆ ಅಲ್ಲೊಂದು ತೊಡಕು. ನಿಗದಿತ ಮೊತ್ತ ಮೀರಿದ ಯಾವ ಖರೀದಿಗೂ ಪೂರ್ಣ ಟೆಂಡರು ಕರೆಯಬೇಕು. ಪ್ರಕಟಣೆ, ಅರ್ಹತಾ ಪರೀಕ್ಷೆ, ಮೌಲ್ಯಮಾಪನ, ತಕರಾರಿಗೆ ಕಾಲಾವಕಾಶ ಎಂದು ತಿಂಗಳುಗಳು ಉರುಳುತ್ತವೆ. ಇನ್ನೂರು ಟ್ರಸ್ಟುಗಳು ಒಂದೇ ಬಗೆಯ ಸಾಫ್ಟ್‌ವೇರಿಗೆ ಇನ್ನೂರು ಸಲ ಈ ಕಸರತ್ತು ಮಾಡುವುದೆಂದರೆ ವಕೀಲರಿಗೆ ಹಬ್ಬ. ಇದಕ್ಕೆ ಪರಿಹಾರ ಕಾನೂನಿನಲ್ಲೇ ಇತ್ತು. ಐರೋಪ್ಯ ಒಕ್ಕೂಟದ 2004ರ ನಿರ್ದೇಶನ ‘ಫ್ರೇಮ್‌ವರ್ಕ್ ಒಪ್ಪಂದ’ಕ್ಕೆ ಸ್ಪಷ್ಟ ರೂಪ ಕೊಟ್ಟಿತ್ತು, ಬ್ರಿಟನ್ 2006ರಲ್ಲಿ ಅದನ್ನು ತನ್ನ ನಿಯಮಗಳೊಳಗೆ ಸೇರಿಸಿಕೊಂಡಿತ್ತು.

ಫ್ರೇಮ್‌ವರ್ಕ್ ಎಂದರೆ ಏನೆಂದು ತಿಳಿಯಲು ಒಂದು ಸಮುದಾಯ ಭವನವನ್ನು ನೆನೆದರೆ ಸಾಕು. ಭವನದ ಸಮಿತಿ ಮೊದಲೇ ಏಳೆಂಟು ಅಡುಗೆಯವರನ್ನು ಕರೆಸಿ, ಶುಚಿ ನೋಡಿ, ಎಲೆಗಿಷ್ಟೆಂದು ಗರಿಷ್ಠ ದರ ಒಪ್ಪಿಸಿ ಪಟ್ಟಿ ಮಾಡಿಟ್ಟಿರುತ್ತದೆ. ಮದುವೆ ಮಾಡುವವರು ಆ ಪಟ್ಟಿಯಿಂದ ಒಬ್ಬರನ್ನು ಆರಿಸಿಕೊಂಡರಾಯಿತು. ಸಮಿತಿ ಯಾರಿಗೂ ಮುಂಗಡ ಕೊಟ್ಟಿಲ್ಲ, ಇಷ್ಟು ಮದುವೆ ಕೊಡಿಸುತ್ತೇವೆಂದು ಮಾತೂ ಕೊಟ್ಟಿಲ್ಲ. ಆದರೆ ಪಟ್ಟಿಯಲ್ಲಿರುವ ಭಟ್ಟರು ನಿಮ್ಮ ಮನೆಯ ಐನೂರು ಜನಕ್ಕೆ ಹೊತ್ತಿಗೆ ಸರಿಯಾಗಿ ಬಡಿಸಬಲ್ಲರೇ ಎಂಬುದನ್ನು ನೀವೇ ವಿಚಾರಿಸಿಕೊಳ್ಳಬೇಕು.

ಸರ್ಕಾರಿ ಖರೀದಿಯಲ್ಲೂ ಹಾಗೆಯೇ. ಒಂದು ಕೇಂದ್ರ ಸಂಸ್ಥೆ ಟೆಂಡರು ಕರೆದು, ಕಂಪನಿಗಳ ಹಣಕಾಸು, ವಿಮೆ, ಭದ್ರತಾ ಪ್ರಮಾಣಪತ್ರಗಳನ್ನು ಪರಿಶೀಲಿಸಿ, ಕರಾರಿನ ಸಾಮಾನ್ಯ ಷರತ್ತುಗಳಿಗೆ ಒಪ್ಪಿಸಿ ಪಟ್ಟಿ ಕಟ್ಟುತ್ತದೆ. ಪಟ್ಟಿಯನ್ನು ‘ಲಾಟ್’ ಎಂಬ ವಿಭಾಗಗಳಾಗಿ ಒಡೆಯಲಾಗುತ್ತದೆ: ರೋಗಿಗಳ ದಾಖಲೆಗೆ ಒಂದು, ಪ್ರಯೋಗಾಲಯಕ್ಕೆ ಒಂದು, ಸರ್ವರಿಗೆ ಒಂದು, ತಜ್ಞರ ಸೇವೆಗೆ ಒಂದು. ಸಾಮಾನ್ಯವಾಗಿ ನಾಲ್ಕು ವರ್ಷ ಅದರ ಆಯುಷ್ಯ. ಆಸ್ಪತ್ರೆ ಈ ಪಟ್ಟಿಯ ಅಡಿಯಲ್ಲಿ ಮಾಡಿಕೊಳ್ಳುವ ಒಂದೊಂದು ಕರಾರನ್ನೂ ‘ಕಾಲ್-ಆಫ್’ ಎನ್ನುತ್ತಾರೆ. ಪಟ್ಟಿ ನಡೆಸುವ ಸಂಸ್ಥೆಗಳೂ ಹಲವು: ಕೇಂದ್ರ ಸರ್ಕಾರದ ಕ್ರೌನ್ ಕಮರ್ಷಿಯಲ್ ಸರ್ವಿಸ್, ಎನ್‌ಎಚ್‌ಎಸ್ ಶೇರ್ಡ್ ಬಿಸಿನೆಸ್ ಸರ್ವಿಸಸ್, ಲಂಡನ್ ಪ್ರೊಕ್ಯೂರ್‌ಮೆಂಟ್ ಪಾರ್ಟ್‌ನರ್‌ಶಿಪ್, ಹೀಗೆ. ಈ ಪಟ್ಟಿಗಳೇನೂ ಧರ್ಮಛತ್ರಗಳಲ್ಲ. ಕರಾರಿನ ಮೊತ್ತದಲ್ಲಿ ಸಣ್ಣದೊಂದು ಪಾಲನ್ನು ಗುತ್ತಿಗೆದಾರರು ಪಟ್ಟಿಯ ಒಡೆಯರಿಗೆ ಕಟ್ಟುತ್ತಾರೆ. ಗುತ್ತಿಗೆದಾರರು ಅದನ್ನು ಬೆಲೆಯೊಳಗೇ ಸೇರಿಸಿರುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಪಟ್ಟಿಗಳ ಸಂಖ್ಯೆ ಬೆಳೆಯುತ್ತ ಹೋದದ್ದಕ್ಕೆ ಈ ಪಾಲೂ ಒಂದು ಕಾರಣವೆಂಬ ಅನುಮಾನ ಸಹಜ.

ಇವುಗಳಲ್ಲೆಲ್ಲ ಹೆಸರು ಮಾಡಿದ್ದು ‘ಜಿ-ಕ್ಲೌಡ್’. 2012ರ ಫೆಬ್ರವರಿಯಲ್ಲಿ ಶುರುವಾದ ಇದು ದೈತ್ಯ ಕಂಪನಿಗಳ ಹಿಡಿತ ಸಡಿಲಿಸಲೆಂದೇ ಹುಟ್ಟಿದ್ದು. ಐದಾರು ಜನರ ಕಂಪನಿಯೂ ಅರ್ಜಿ ತುಂಬಿ ತನ್ನ ಸೇವೆಯನ್ನು, ದರವನ್ನು ಪಟ್ಟಿಗೆ ಏರಿಸಬಹುದು. ಆಸ್ಪತ್ರೆಯ ಅಧಿಕಾರಿ ಆನ್‌ಲೈನ್ ಅಂಗಡಿಯಲ್ಲಿ ಹುಡುಕುವಂತೆ ಹುಡುಕಿ, ಸೋಸಿ, ತನ್ನ ಅಗತ್ಯಕ್ಕೆ ಹೆಚ್ಚು ಹೊಂದುವುದನ್ನು ನೇರವಾಗಿ ಕೊಳ್ಳಬಹುದು. ಮತ್ತೆ ಬಿಡ್ ಕರೆಯುವ ತಾಪತ್ರಯವಿಲ್ಲ. ಸಾವಿರಾರು ಕಂಪನಿಗಳು ಸೇರಿಕೊಂಡವು. ಬಹುಪಾಲು ಸಣ್ಣ ಮತ್ತು ಮಧ್ಯಮ ಗಾತ್ರದವು. ಹತ್ತು ವರ್ಷದ ಕರಾರಿನಿಂದ ಸುಟ್ಟುಕೊಂಡ ನೆನಪಿಗೆ, ಮೊದಮೊದಲು ಇಲ್ಲಿನ ಕರಾರು ಎರಡು ವರ್ಷ ಮೀರುವಂತಿರಲಿಲ್ಲ. ಈಚೆಗೆ ಅದನ್ನು 36 ತಿಂಗಳಿಗೆ, ಮೇಲೆ ಒಂದು ವರ್ಷದ ವಿಸ್ತರಣೆಗೆ ಹಿಗ್ಗಿಸಲಾಗಿದೆ.

ಒಂದು ಟ್ರಸ್ಟಿಗೆ ಔಷಧ ಚೀಟಿಗಳನ್ನು ಕಂಪ್ಯೂಟರಿಗೆ ತರುವ ವ್ಯವಸ್ಥೆ ಬೇಕೆನ್ನಿ. ಪಟ್ಟಿ ತೆರೆಯುವ ಮೊದಲೇ ಅರ್ಧ ಕೆಲಸ ಮುಗಿದಿರಬೇಕು. ಈಗ ಚೀಟಿ ಬರೆಯುವವರು ಯಾರು, ಔಷಧಾಲಯದಲ್ಲಿ ಓದುವವರು ಯಾರು, ರಾತ್ರಿ ಪಾಳಿಯಲ್ಲಿ ನೆಟ್‌ವರ್ಕ್ ಕೈಕೊಟ್ಟರೆ ಏನು ಮಾಡುತ್ತಾರೆ, ಪ್ರಯೋಗಾಲಯದ ವರದಿ ಇದೇ ಪರದೆಗೆ ಬರಬೇಕೇ? ಇವಕ್ಕೆಲ್ಲ ಉತ್ತರ ಬರೆದುಕೊಂಡ ಮೇಲೆ ಸೂಕ್ತ ಪಟ್ಟಿ, ಸೂಕ್ತ ಲಾಟ್ ಹುಡುಕಬೇಕು. ಎಷ್ಟೋ ಪಟ್ಟಿಗಳಲ್ಲಿ ಆ ಲಾಟಿನ ಕಂಪನಿಗಳಿಗೆಲ್ಲ ಬೇಡಿಕೆ ಕಳುಹಿಸಿ ಕಿರುಪೈಪೋಟಿ ನಡೆಸಬೇಕಾಗುತ್ತದೆ. ಅಂಕ ಬರೀ ಬೆಲೆಗಲ್ಲ. ಗುಣಮಟ್ಟಕ್ಕೆ ಇಷ್ಟು, ಬೆಲೆಗೆ ಇಷ್ಟು ಎಂದು ಮೊದಲೇ ಸಾರಿರಬೇಕು. 2022ರ ಏಪ್ರಿಲ್‌ನಿಂದ ಎನ್‌ಎಚ್‌ಎಸ್ ಖರೀದಿಗಳಲ್ಲಿ ಪರಿಸರ ಮತ್ತು ಸಮಾಜಕ್ಕೆ ಆಗುವ ಒಳಿತಿಗೂ ಕನಿಷ್ಠ ಶೇಕಡ 10ರಷ್ಟು ತೂಕ ಕೊಡುವುದು ಕಡ್ಡಾಯ.

ಸಾಮಾನ್ಯ ಕಚೇರಿಗೆ ಲೆಕ್ಕದ ಸಾಫ್ಟ್‌ವೇರ್ ಕೊಳ್ಳುವುದಕ್ಕೂ ಆಸ್ಪತ್ರೆಗೆ ಕೊಳ್ಳುವುದಕ್ಕೂ ಇರುವ ಅಂತರ ಮುಂದಿನ ಹಂತದಲ್ಲಿ ಕಾಣುತ್ತದೆ. ಔಷಧದ ಪ್ರಮಾಣದಲ್ಲಿ ಒಂದು ದಶಮಾಂಶ ಬಿಂದು ಜರುಗಿದರೆ ಲೆಕ್ಕ ತಪ್ಪುವುದಿಲ್ಲ, ಜೀವ ಹೋಗುತ್ತದೆ. ಅದಕ್ಕೇ ಇಂಗ್ಲೆಂಡಿನಲ್ಲಿ ಒಂದು ಜೋಡಿ ಮಾನದಂಡಗಳಿವೆ. ಡಿಸಿಬಿ 0129 ಸಾಫ್ಟ್‌ವೇರ್ ತಯಾರಕರಿಗೆ: ನಿಮ್ಮ ವ್ಯವಸ್ಥೆಯಿಂದ ರೋಗಿಗೆ ಯಾವ ಯಾವ ಅಪಾಯ ಆಗಬಹುದು, ಅದಕ್ಕೇನು ಮಾಡಿದ್ದೀರಿ ಎಂದು ದಾಖಲೆ ಸಮೇತ ತೋರಿಸಬೇಕು. ಡಿಸಿಬಿ 0160 ಅದನ್ನು ಅಳವಡಿಸುವ ಆಸ್ಪತ್ರೆಗೆ: ನಿಮ್ಮ ವಾರ್ಡಿನಲ್ಲಿ, ನಿಮ್ಮ ಜನರ ಕೈಯಲ್ಲಿ ಅದು ಹೇಗೆ ನಡೆಯುತ್ತದೆಂದು ನೀವೇ ಪರೀಕ್ಷಿಸಬೇಕು. ಎರಡು ಕಡೆಯೂ ತರಬೇತಿ ಪಡೆದ ಒಬ್ಬ ವೈದ್ಯಕೀಯ ವೃತ್ತಿಯವರು ಸಹಿ ಹಾಕಬೇಕು. 2021ರಲ್ಲಿ ಇವೆಲ್ಲವನ್ನೂ, ಜೊತೆಗೆ ಖಾಸಗಿತನ, ಸೈಬರ್ ಭದ್ರತೆ, ಬೇರೆ ವ್ಯವಸ್ಥೆಗಳೊಂದಿಗೆ ಬೆರೆಯುವ ಗುಣ, ಬಳಸಲು ಸುಲಭವೇ ಎಂಬ ಪ್ರಶ್ನೆಗಳನ್ನೂ ಒಟ್ಟುಗೂಡಿಸಿ ‘ಡಿಟ್ಯಾಕ್’ ಎಂಬ ಒಂದೇ ಪರೀಕ್ಷೆ ಮಾಡಲಾಯಿತು. ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಈ ಸ್ಥಳೀಯ ಪರೀಕ್ಷೆಯಿಂದ ವಿನಾಯಿತಿ ಸಿಗುವುದಿಲ್ಲ. ಅವಸರದ ಖರೀದಿಯಲ್ಲಿ ಮೊದಲು ಹಾರಿಹೋಗುವುದು ಮಾತ್ರ ಇದೇ.

ಕೊಂಡ ಮೇಲಿನ ಕಥೆಗೆ ಕೇಂಬ್ರಿಡ್ಜಿನ ಆಡನ್‌ಬ್ರೂಕ್ಸ್ ಆಸ್ಪತ್ರೆ ಸಾಕ್ಷಿ. ಹತ್ತು ವರ್ಷಕ್ಕೆ 20 ಕೋಟಿ ಪೌಂಡಿನ ಯೋಜನೆ. ಅಮೆರಿಕದ ಎಪಿಕ್ ಕಂಪನಿಯ ವ್ಯವಸ್ಥೆಯನ್ನು ಬ್ರಿಟನ್ನಿನಲ್ಲಿ ಮೊದಲು ತಂದದ್ದು ಅದೇ. 2014ರ ಅಕ್ಟೋಬರಿನ ಒಂದು ವಾರಾಂತ್ಯದಲ್ಲಿ ಇಡೀ ಆಸ್ಪತ್ರೆ ಒಮ್ಮೆಗೇ ಕಾಗದ ಬಿಟ್ಟು ಪರದೆಗೆ ಬಂತು. ಮೊದಲ ವಾರಗಳು ಕಷ್ಟದವು. ತುರ್ತು ಚಿಕಿತ್ಸಾ ವಿಭಾಗ ನಿಧಾನವಾಯಿತು, ರಕ್ತ ಪರೀಕ್ಷೆಯ ವರದಿಗಳು ತಡವಾದವು. ಮರುವರ್ಷ ತಪಾಸಣಾ ಆಯೋಗ ಆಸ್ಪತ್ರೆಗೆ ಅತಿ ಕೆಳಗಿನ ದರ್ಜೆ ಕೊಟ್ಟಿತು. ಕಾರಣಗಳು ಹಲವಿದ್ದವು, ಹೊಸ ವ್ಯವಸ್ಥೆಯ ಗೊಂದಲ ಅವುಗಳಲ್ಲೊಂದು. ಮುಖ್ಯಸ್ಥ ಕೀತ್ ಮ್ಯಾಕ್‌ನೀಲ್ ರಾಜೀನಾಮೆ ಕೊಟ್ಟರು. ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ: 2016ರಲ್ಲಿ ಎನ್‌ಎಚ್‌ಎಸ್ ತನ್ನ ಮೊತ್ತಮೊದಲ ಮುಖ್ಯ ವೈದ್ಯಕೀಯ ಮಾಹಿತಿ ಅಧಿಕಾರಿಯಾಗಿ ಕರೆತಂದದ್ದು ಇದೇ ಮ್ಯಾಕ್‌ನೀಲ್ ಅವರನ್ನು. 2017ರ ಹೊತ್ತಿಗೆ ಆಸ್ಪತ್ರೆಗೆ ‘ಉತ್ತಮ’ ದರ್ಜೆ ಸಿಕ್ಕಿತು. ಇಂದು ಡಿಜಿಟಲ್ ಆಸ್ಪತ್ರೆ ಹೇಗಿರಬೇಕೆಂದು ನೋಡಲು ಜನ ಹೋಗುವುದು ಅಲ್ಲಿಗೇ. ಸಾಫ್ಟ್‌ವೇರ್ ಮೊದಲು ಇದ್ದದ್ದೇ, ಆಸ್ಪತ್ರೆ ಅದಕ್ಕೆ ಒಗ್ಗಿಕೊಳ್ಳಲು ಎರಡು ಮೂರು ವರ್ಷ ಹಿಡಿಯಿತು. ಯಾವ ದರಪಟ್ಟಿಯಲ್ಲೂ ಈ ಎರಡು ಮೂರು ವರ್ಷಗಳಿಗೆ ಬೆಲೆ ಬರೆದಿರುವುದಿಲ್ಲ.

ಸ್ಯಾನ್‌ಫ್ರಾನ್ಸಿಸ್ಕೊದ ವೈದ್ಯ ರಾಬರ್ಟ್ ವಾಕ್ಟರ್ 2016ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ ವರದಿಯ ತಿರುಳೂ ಇದೇ. 2020ರೊಳಗೆ ಕಾಗದರಹಿತ ಆಸ್ಪತ್ರೆಗಳೆಂಬ ಗುರಿ ಅಸಾಧ್ಯವೆಂದ ಅವರು, ಬೇಗ ಮಾಡುವುದಕ್ಕಿಂತ ಸರಿಯಾಗಿ ಮಾಡುವುದು ಮೇಲು, ಪ್ರತಿ ಟ್ರಸ್ಟಿನಲ್ಲೂ ಕಂಪ್ಯೂಟರ್ ಬಲ್ಲ ವೈದ್ಯರನ್ನು ಬೆಳೆಸಿ ಎಂದರು.

ಪಟ್ಟಿಯಿದ್ದರೆ ಪೈಪೋಟಿ ತಾನಾಗಿ ಬೆಳೆಯುತ್ತದೆ ಎಂಬ ನಂಬಿಕೆಯೂ ಎಲ್ಲೆಡೆ ನಿಜವಾಗಿಲ್ಲ. ಕುಟುಂಬ ವೈದ್ಯರ ಚಿಕಿತ್ಸಾಲಯಗಳಿಗೆ 2007ರಿಂದಲೂ ರಾಷ್ಟ್ರಮಟ್ಟದ ಪಟ್ಟಿಯಿದೆ. 2020ರಲ್ಲಿ ಹೊಸ ಪಟ್ಟಿ ಬಂತು. ಆದರೂ ಇಂಗ್ಲೆಂಡಿನ ಹೆಚ್ಚುಕಡಿಮೆ ಎಲ್ಲ ಚಿಕಿತ್ಸಾಲಯಗಳು ಬಳಸುವುದು ಇಎಂಐಎಸ್ ಇಲ್ಲವೇ ಟಿಪಿಪಿ, ಈ ಎರಡರಲ್ಲೊಂದು. ಇಪ್ಪತ್ತು ವರ್ಷದ ರೋಗಿಗಳ ಚರಿತ್ರೆ ಒಂದು ವ್ಯವಸ್ಥೆಯೊಳಗೆ ಕೂತಮೇಲೆ ಅದನ್ನು ಹೊರಗೆ ತರುವುದು ಮನೆ ಬದಲಿಸಿದಷ್ಟು ಸಲೀಸಲ್ಲ. ಈ ಇಎಂಐಎಸ್ಸನ್ನು ಅಮೆರಿಕದ ಯುನೈಟೆಡ್‌ಹೆಲ್ತ್ ಕೊಳ್ಳಹೊರಟಾಗ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರ ಆಳವಾಗಿ ತನಿಖೆ ಮಾಡಿ, 2023ರಲ್ಲಿ ಒಪ್ಪಿಗೆ ಕೊಟ್ಟಿತು. ಹೀಗಿರುವಾಗ ಕರಾರಿನಲ್ಲಿ ಎಲ್ಲರೂ ಕಣ್ಣಾಡಿಸದೆ ಬಿಡುವ ಕೊನೆಯ ಪುಟಗಳೇ ಮುಖ್ಯ: ಕರಾರು ಮುಗಿದ ದಿನ ನಮ್ಮ ದತ್ತಾಂಶ ಯಾವ ರೂಪದಲ್ಲಿ, ಎಷ್ಟು ದಿನದಲ್ಲಿ, ಯಾರ ಖರ್ಚಿನಲ್ಲಿ ಕೈಗೆ ಬರುತ್ತದೆ?

ಅಗ್ಗದ ಬೆಲೆಯ ಬಗ್ಗೆಯೂ ಒಂದು ಮಾತು. 2020ರ ಮಾರ್ಚಿನಲ್ಲಿ ಕೋವಿಡ್ ಅಪ್ಪಳಿಸಿದಾಗ, ಹಾಸಿಗೆ ಎಷ್ಟು, ವೆಂಟಿಲೇಟರ್ ಎಲ್ಲೆಲ್ಲಿ ಎಂದು ಒಂದೆಡೆ ನೋಡಲು ಎನ್‌ಎಚ್‌ಎಸ್ ಅಮೆರಿಕದ ಪ್ಯಾಲಂಟಿರ್ ಕಂಪನಿಯ ಸಾಫ್ಟ್‌ವೇರ್ ಪಡೆಯಿತು. ಕರಾರಿನ ಬೆಲೆ ಒಂದು ಪೌಂಡ್. ಡಿಸೆಂಬರಿನಲ್ಲಿ ಅದೇ ಕೆಲಸ ಎರಡು ಕೋಟಿ ಮೂವತ್ತು ಲಕ್ಷ ಪೌಂಡ್ ದಾಟಿತು. ಜನರನ್ನು ಕೇಳದೆ ಇಷ್ಟು ದೊಡ್ಡ ಕರಾರೇ ಎಂದು ಓಪನ್‌ಡೆಮಾಕ್ರಸಿ ಎಂಬ ಸುದ್ದಿಸಂಸ್ಥೆ 2021ರಲ್ಲಿ ಕೋರ್ಟಿಗೆ ಹೋಯಿತು. ಸಾರ್ವಜನಿಕರ ಅಭಿಪ್ರಾಯ ಪಡೆಯದೆ ಕೋವಿಡ್ ಆಚೆಗೆ ಇದನ್ನು ವಿಸ್ತರಿಸುವುದಿಲ್ಲವೆಂದು ಸರ್ಕಾರ ಒಪ್ಪಬೇಕಾಯಿತು. ಬಹಿರಂಗ ಪೈಪೋಟಿಯ ನಂತರ 2023ರ ನವೆಂಬರಿನಲ್ಲಿ ಏಳು ವರ್ಷದವರೆಗಿನ, 33 ಕೋಟಿ ಪೌಂಡಿನ ಕರಾರು ಸಿಕ್ಕಿದ್ದೂ ಪ್ಯಾಲಂಟಿರಿಗೇ. ಅದರ ಜೊತೆಗಾರರ ಪಟ್ಟಿಯಲ್ಲಿ ಅಕ್ಸೆಂಚರ್ ಹೆಸರೂ ಇತ್ತು, 2006ರಲ್ಲಿ ಹೊರನಡೆದ ಅದೇ ಅಕ್ಸೆಂಚರ್. ಪೈಪೋಟಿ ಕಾನೂನಿನ ಪ್ರಕಾರವೇ ನಡೆಯಿತು. ಆದರೆ ಮೂರು ವರ್ಷ ಒಳಗಿದ್ದವರಿಗೂ ಹೊರಗೆ ನಿಂತವರಿಗೂ ಮೈದಾನ ಸಮತಟ್ಟಾಗಿರುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳದೆ ಇರಲಾಗದು.

ಭದ್ರತೆಯ ಪಾಠ ಹೊರಗಿನಿಂದ ಬಂತು. 2017ರ ಮೇ 12ರಂದು ‘ವನ್ನಾಕ್ರೈ’ ಎಂಬ ಸುಲಿಗೆ ವೈರಸ್ ಜಗತ್ತಿನಾದ್ಯಂತ ಹರಡಿತು. ಇಂಗ್ಲೆಂಡಿನ 236 ಟ್ರಸ್ಟುಗಳಲ್ಲಿ ಕನಿಷ್ಠ 81ಕ್ಕೆ ಏಟು ಬಿತ್ತು, ಅಂದಾಜು 19,000 ಭೇಟಿಗಳು ರದ್ದಾದವು. ಆ ದಾಳಿ ತಡೆಯಬಲ್ಲ ಸಾಫ್ಟ್‌ವೇರ್ ತಿದ್ದುಪಡಿ ಮೊದಲೇ ಬಿಡುಗಡೆಯಾಗಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಐದು ವರ್ಷದ ನಂತರ ದಾಳಿ ಬಂದದ್ದು ಆಸ್ಪತ್ರೆಗಳ ಮೇಲಲ್ಲ, ಅವುಗಳಿಗೆ ಸೇವೆ ಒದಗಿಸುವ ಅಡ್ವಾನ್ಸ್‌ಡ್ ಎಂಬ ಕಂಪನಿಯ ಮೇಲೆ. ತುರ್ತು ಸಲಹೆಯ 111 ಸಹಾಯವಾಣಿಯಲ್ಲಿ ಸಿಬ್ಬಂದಿ ಪೆನ್ನು ಕಾಗದ ಹಿಡಿಯಬೇಕಾಯಿತು. ಎರಡನೇ ಹಂತದ ಗುರುತು ಪರಿಶೀಲನೆಯಿಲ್ಲದ ಒಂದು ಖಾತೆಯ ಮೂಲಕ ಕಳ್ಳರು ಒಳನುಗ್ಗಿದ್ದರೆಂದು ತನಿಖೆಯಲ್ಲಿ ತಿಳಿಯಿತು. ಮಾಹಿತಿ ಆಯುಕ್ತರು 2025ರ ಮಾರ್ಚಿನಲ್ಲಿ ಕಂಪನಿಗೆ 30.7 ಲಕ್ಷ ಪೌಂಡ್ ದಂಡ ಹಾಕಿದರು. ಭದ್ರತಾ ಪ್ರಮಾಣಪತ್ರ ಕೊಟ್ಟ ದಿನದ ಸ್ಥಿತಿಯನ್ನು ಪಟ್ಟಿ ಹೇಳುತ್ತದೆ; ಮೂರನೇ ವರ್ಷದ ಒಂದು ಭಾನುವಾರ ಏನಾಗಿದೆ ಎಂದು ನೋಡುತ್ತಿರುವುದು ಕೊಂಡವರ ಕೆಲಸ.

ಐರೋಪ್ಯ ಒಕ್ಕೂಟದಿಂದ ಹೊರಬಂದ ಬ್ರಿಟನ್ ತನ್ನದೇ ಖರೀದಿ ಕಾನೂನು ಬರೆದುಕೊಂಡಿದೆ. 2023ರ ಆ ಕಾಯ್ದೆ ಜಾರಿಯಾದದ್ದು 2025ರ ಫೆಬ್ರವರಿ 24ರಂದು. ಹಳೆಯ ಪಟ್ಟಿಗಳಲ್ಲಿ ಒಮ್ಮೆ ಬಾಗಿಲು ಮುಚ್ಚಿದರೆ ನಾಲ್ಕು ವರ್ಷ ಹೊಸಬರಿಗೆ ಪ್ರವೇಶವಿರಲಿಲ್ಲ. ಈಗ ನಡುನಡುವೆ ತೆರೆದುಕೊಳ್ಳುವ, ಎಂಟು ವರ್ಷದವರೆಗೆ ನಡೆಯಬಲ್ಲ ಪಟ್ಟಿಗಳಿಗೂ ಅವಕಾಶವಿದೆ.

ಇದನ್ನೆಲ್ಲ ಓದುತ್ತಿರುವ ಕನ್ನಡದ ಓದುಗರಿಗೆ ನಮ್ಮ ಕಡೆಯ ಸ್ಥಿತಿ ನೆನಪಾಗದಿರದು. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಬಂದದ್ದು 1999ರಲ್ಲಿ. ಅದರ 4(ಜಿ) ವಿನಾಯಿತಿ ಎಂಬ ಮಾತು ವಿಧಾನಸೌಧದ ವರದಿಗಳಲ್ಲಿ ಆಗಾಗ ಕೇಳಿಬರುತ್ತದೆ. ಟೆಂಡರಿಲ್ಲದೆ ಕೊಳ್ಳಲು ಸರ್ಕಾರ ಕೊಡುವ ಅನುಮತಿ ಅದು. 2016ರಲ್ಲಿ ಕೇಂದ್ರ ಸರ್ಕಾರ ಜೆಮ್ ಎಂಬ ಆನ್‌ಲೈನ್ ಮಾರುಕಟ್ಟೆ ತೆರೆಯಿತು, ನೋಟಕ್ಕೆ ಜಿ-ಕ್ಲೌಡಿನ ದಾಯಾದಿಯಂತೆ. ದೊಡ್ಡ ವ್ಯತ್ಯಾಸ ಇರುವುದು ಆಯ್ಕೆಯ ಅಳತೆಗೋಲಿನಲ್ಲಿ. ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ಕೂಗಿದವರು ಗೆಲ್ಲುವ ಪದ್ಧತಿ ನಮ್ಮ ಕಚೇರಿಗಳ ರಕ್ತದಲ್ಲೇ ಇದೆ. ಆಡಿಟ್ ಆಕ್ಷೇಪಣೆಯ ಭಯ ಅದನ್ನು ಇನ್ನಷ್ಟು ಗಟ್ಟಿ ಮಾಡಿದೆ. 2021ರ ಅಕ್ಟೋಬರಿನಲ್ಲಿ ಕೇಂದ್ರ ಹಣಕಾಸು ಸಚಿವಾಲಯ ಕಾಮಗಾರಿಗಳಲ್ಲೂ ಸಲಹೆಯೇತರ ಸೇವೆಗಳಲ್ಲೂ ಗುಣಮಟ್ಟಕ್ಕೆ ಅಂಕ ಕೊಡಬಹುದೆಂದಿತು, ಅದೂ ಶೇಕಡ 30 ಮೀರದಂತೆ. ನಮ್ಮ ಹಲವು ಸರ್ಕಾರಿ ಆಸ್ಪತ್ರೆಗಳು ಕೊಳ್ಳುವ ಗೋಜಿಗೇ ಹೋಗದೆ ಕೇಂದ್ರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ರೂಪಿಸಿದ ಇ-ಹಾಸ್ಪಿಟಲ್ ಬಳಸುತ್ತವೆ. 2015ರ ಜುಲೈನಲ್ಲಿ ಆನ್‌ಲೈನ್ ನೋಂದಣಿ ಶುರುವಾದಾಗ ಮೊದಲ ಆಸ್ಪತ್ರೆಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. ಸಾಫ್ಟ್‌ವೇರ್ ಸರ್ಕಾರದ್ದೇ ಆದರೂ ಕಂಪ್ಯೂಟರ್, ನೆಟ್‌ವರ್ಕ್, ಡೇಟಾ ಎಂಟ್ರಿಗೆ ಕೂರುವ ಜನ ಇವುಗಳ ಖರ್ಚು ಆಸ್ಪತ್ರೆಯದೇ.

ಎರಡೂ ಕಡೆಗಳನ್ನು ಬೆಸೆಯುವ ಸುದ್ದಿಯೊಂದು 2025ರ ಅಕ್ಟೋಬರಿನಲ್ಲಿ ಬಂತು. ಎನ್‌ಎಚ್‌ಎಸ್ ಸಿಬ್ಬಂದಿಯ ನೇಮಕಾತಿಯಿಂದ ನಿವೃತ್ತಿಯವರೆಗಿನ ಲೆಕ್ಕ ಇಡುವ ಹಳೆಯ ವ್ಯವಸ್ಥೆಯ ಜಾಗದಲ್ಲಿ ಹೊಸದನ್ನು ಕಟ್ಟುವ 15 ವರ್ಷದ, 120 ಕೋಟಿ ಪೌಂಡಿನ ಕರಾರು ಬೆಂಗಳೂರಿನ ಇನ್ಫೋಸಿಸ್‌ಗೆ ಸಿಕ್ಕಿತು. ಇಂಗ್ಲೆಂಡ್ ಮತ್ತು ವೇಲ್ಸಿನ 19 ಲಕ್ಷ ನೌಕರರ, ವರ್ಷಕ್ಕೆ 5,500 ಕೋಟಿ ಪೌಂಡ್ ಸಂಬಳ ಈ ಒಂದು ವ್ಯವಸ್ಥೆಯ ಮೂಲಕ ಹಾದುಹೋಗುತ್ತದೆ. ಸಣ್ಣ ಕರಾರು, ಕಡಿಮೆ ಅವಧಿ ಎಂದು 2011ರ ನಂತರ ಪಠಿಸುತ್ತ ಬಂದವರೇ ಇಲ್ಲಿ ಒಬ್ಬರಿಗೇ ಹದಿನೈದು ವರ್ಷ ಕೊಟ್ಟಿದ್ದಾರೆ. ಅದಕ್ಕೆ ಕಾರಣವೂ ಇದೆ: ಸಂಬಳದ ನಿಯಮ ಎಲ್ಲ ಟ್ರಸ್ಟುಗಳಿಗೂ ಬಹುಮಟ್ಟಿಗೆ ಒಂದೇ, ವಾರ್ಡಿನ ಕೆಲಸದಂತೆ ಊರಿಗೊಂದು ಬಗೆಯಲ್ಲ. ಹೊಸದಕ್ಕೆ ಪೂರ್ತಿ ಬದಲಾಗುವವರೆಗೆ, ನರ್ಸುಗಳಿಂದ ಹಿಡಿದು ಶಸ್ತ್ರವೈದ್ಯರವರೆಗೆ ಇಷ್ಟೂ ಜನರ ತಿಂಗಳ ಸಂಬಳ ಹಳೆಯ ವ್ಯವಸ್ಥೆಯಿಂದಲೇ ತಪ್ಪದೆ ಬರುತ್ತಿರಬೇಕು.